ಅತ್ತೆಯ ಕಾಲಿಗೊಂದು ಪ್ರಾಣಿ

ಮಂಡ್ಯದ ಆಸ್ಪತ್ರೆಯಲ್ಲಿ ನಮ್ಮ ಅತ್ತೆಯ ಎಡಗಾಲಿನ ಕಿರುಬೆರಳು ತೆಗೆದ ಮೇಲೆ ಡಾಕ್ಟರು ಹೇಳಿದ್ದು ಒಂದೇ ಮಾತು. ಇನ್ನು ಮುಂದೆ ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಕೂಡದು, ಬೀದಿಯಲ್ಲಷ್ಟೇ ಅಲ್ಲ, ಮನೆಯೊಳಗೂ. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸತ್ತಿವೆ, ಚುಚ್ಚಿದರೂ ಸುಟ್ಟರೂ ಅಜ್ಜಿಗೆ ಗೊತ್ತಾಗುವುದಿಲ್ಲ, ಮುಂದಿನ ಗಾಯ ಬೆರಳಿಗೆ ನಿಲ್ಲುವುದಿಲ್ಲ, ಕಾಲನ್ನೇ ತೆಗೆಯಬೇಕಾದೀತು ಎಂದು ಬಿಡಿಸಿ ಹೇಳಿದರು. ಅತ್ತೆ ಸೆರಗಲ್ಲಿ ಬಾಯಿ ಒರೆಸಿಕೊಳ್ಳುತ್ತಾ ಎಲ್ಲಕ್ಕೂ ತಲೆಯಾಡಿಸಿದರು. ಅವರು ಅಷ್ಟು ಸುಲಭವಾಗಿ ತಲೆಯಾಡಿಸಿದ್ದು ನೋಡಿಯೇ ನನಗೆ ಭಯ ಹತ್ತಿತು. ಸಣ್ಣಪುಟ್ಟದಕ್ಕೆ ಬೀದಿಗೆ ಕೇಳುವಂತೆ ಜಗಳಾಡುವ ಹೆಂಗಸು, ದೊಡ್ಡ ಮಾತು ಬಂದರೆ ತಲೆಯಾಡಿಸಿ ತನಗೆ ತೋಚಿದ್ದನ್ನೇ ಮಾಡುತ್ತಾರೆ.

ಮದ್ದೂರಿನ ನಮ್ಮ ಮನೆಯ ಹೊಸಿಲನ್ನು ಚಪ್ಪಲಿ ದಾಟುವಂತಿರಲಿಲ್ಲ. ಅತ್ತೆ ಹಲಗೂರು ಕಡೆಯ ಹಳ್ಳಿಯವರು. ಮದುವೆಗೆ ಮುಂಚೆ ಅವರ ಕಾಲಿಗೆ ಚಪ್ಪಲಿಯೇ ಇರಲಿಲ್ಲವಂತೆ. ಗದ್ದೆ, ಬದು, ಕಲ್ಲುದಾರಿ ಎಲ್ಲ ಬರಿಗಾಲೇ. ಅವರ ಪಾದ ನೋಡಿದರೆ ಅದು ಗೊತ್ತಾಗುತ್ತಿತ್ತು, ಅಗಲ, ದಪ್ಪ, ಹಿಮ್ಮಡಿಯ ತುಂಬ ಬಿರುಕು. ನಾನೋ ಶಿವನಸಮುದ್ರದ ಪವರ್‌ಹೌಸ್ ಕ್ವಾರ್ಟರ್ಸಿನಲ್ಲಿ ಬೆಳೆದವಳು. ನಮ್ಮಮ್ಮ ಅಡುಗೆಮನೆಯಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡೇ ಒಗ್ಗರಣೆ ಹಾಕುತ್ತಿದ್ದಳು. ಮದುವೆಯಾದ ಹೊಸದರಲ್ಲಿ ನಾನು ಆ ಅಭ್ಯಾಸದಲ್ಲೇ ನಡುಮನೆಗೆ ಬಂದುಬಿಟ್ಟಿದ್ದೆ. ಅತ್ತೆ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. "ಕ್ವಾಟ್ರಸ್ಸಲ್ಲಿ ದ್ಯಾವ್ರು ಇರಾಕಿಲ್ವೇನಮ್ಮಿ?" ಎಂದು ಕೇಳಿ, ನಾನು ನಡೆದ ಜಾಗವನ್ನೆಲ್ಲ ಅವರೇ ಬಗ್ಗಿ ಒರೆಸಿದರು.

ಈಗ ಅವರ ಕಾಲಿಗೇ ಚಪ್ಪಲಿ ತೊಡಿಸಬೇಕಾಗಿ ಬಂದಿತ್ತು. ಮನೆಯೊಳಗೆ ಹಾಕಲೆಂದೇ ಮೆತ್ತನೆಯ ರಬ್ಬರ್ ಚಪ್ಪಲಿ ತಂದೆವು. ನಾನು ಕಾಲಿಗೆ ಕೊಟ್ಟರೆ ಹಾಕಿಕೊಳ್ಳುವರು, ನಾನು ಆ ಕಡೆ ತಿರುಗಿದರೆ ಚಪ್ಪಲಿ ಬಾಗಿಲ ಆಚೆ ಇರುತ್ತಿತ್ತು. ನಮ್ಮವರು ಬೆಳಿಗ್ಗೆ ರೈಲಿಗೆ ಮೈಸೂರಿಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಹಗಲೆಲ್ಲ ನಾನೂ ಅತ್ತೆಯೂ ಆ ಜೊತೆ ಚಪ್ಪಲಿಯೂ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ನೀವೇನು ಕಾಲು ಕಳ್ಕೊಂಡೇ ತೀರ್ತೀನಿ ಅಂತ ಹರಕೆ ಹೊತ್ತಿದೀರಾ ಅತ್ತೆಮ್ಮ?" ಎಂದು ಒಂದು ದಿನ ಕೂಗಾಡಿದೆ.

"ಎಕ್ಕಡ ಮೆಟ್ಕಂಡು ಒಲೆ ಮುಂದೆ ನಿಂತ್ಕಂಡ್ರೆ ಉಂಡಿದ್ದು ಮೈಗತ್ತದಾ? ಓಗಮ್ಮಿ, ನಿನ್ ಕೆಲ್ಸ ನೋಡ್ಕ" ಎಂದರು.

ನನ್ನ ಕೆಲಸವೆಂದರೆ ಕ್ರೋಶಾ. ಕ್ವಾರ್ಟರ್ಸಿನ ಪಕ್ಕದ ಮನೆಯ ಆಂಟಿಯೊಬ್ಬರು ಸಣ್ಣವಳಿದ್ದಾಗ ಕೊಕ್ಕೆ ಕಡ್ಡಿ ಹಿಡಿಯಲು ಕಲಿಸಿದ್ದರು. ಬಾಗಿಲ ತೋರಣ, ಟಿವಿ ಮೇಲಿನ ಬಟ್ಟೆ ಎಲ್ಲ ಆಗಿ, ಈಚೆಗೆ ಫೋನಿನಲ್ಲಿ ವಿಡಿಯೋ ನೋಡಿ ಪ್ರಾಣಿ ಮುಖದ ಉಲ್ಲನ್ ಚಪ್ಪಲಿ ಹೆಣೆಯುವ ಹುಚ್ಚು ಹತ್ತಿತ್ತು. ತುದಿಯಲ್ಲಿ ಒಂದು ಪುಟ್ಟ ಉಂಗುರ ಮಾಡಿಕೊಂಡು, ಸುತ್ತು ಸುತ್ತಾಗಿ ಅಗಲಿಸುತ್ತಾ ಹೋದರೆ ಬೆರಳ ಭಾಗ ಬರುತ್ತದೆ, ಅಲ್ಲಿಂದ ಹಿಮ್ಮಡಿಯವರೆಗೆ ಎಳೆದು ಮುಚ್ಚಿದರೆ ಮೆತ್ತನೆಯ ದೋಣಿ. ಅದಕ್ಕೆ ಎರಡು ಕಿವಿ, ಎರಡು ಗುಂಡಿಯ ಕಣ್ಣು, ಕಪ್ಪು ದಾರದ ಮೂಗು ಕೂರಿಸಿದರೆ ಪ್ರಾಣಿ ಹುಟ್ಟುತ್ತದೆ. ನಮ್ಮ ಬೀದಿಯ ಮಕ್ಕಳ ಕಾಲಲ್ಲೆಲ್ಲ ನನ್ನ ಮೊಲ, ನನ್ನ ಕರಡಿಗಳೇ ಓಡಾಡುತ್ತಿದ್ದವು.

ಎದುರು ಮನೆಯ ಪುಟ್ಟ ಹುಡುಗಿ ಒಂದು ದಿನ ಮೊಲದ ಜೋಡು ಹಾಕಿಕೊಂಡು ಸೀದಾ ನಮ್ಮ ನಡುಮನೆಗೆ ಬಂದಳು. ನಾನು ಅತ್ತೆಯ ಕಡೆ ನೋಡಿದೆ. ಅವರು ಏನೂ ಅನ್ನಲಿಲ್ಲ. ಮಗು ದೇವರ ಮನೆ ಬಾಗಿಲವರೆಗೆ ಹೋಗಿ ಬಂತು, ಆಗಲೂ ಅನ್ನಲಿಲ್ಲ. ಅವಳು ಹೋದ ಮೇಲೆ, "ಅದು ಚಪ್ಪಲಿ ಅಲ್ವಾ?" ಎಂದು ಕೆಣಕಿದೆ.

"ಅದು ಗೊಂಬೆ ಕಣಮ್ಮಿ. ಕಣ್ಣು ಕಿವಿ ಎಲ್ಲಾ ಅದೆ" ಎಂದರು.

ನನ್ನ ತಲೆಯಲ್ಲಿ ದೀಪ ಹತ್ತಿದಂತಾಯಿತು. ಮುಖವಿದ್ದರೆ ಅದು ಎಕ್ಕಡವಲ್ಲ! ಅವತ್ತೇ ಮಧ್ಯಾಹ್ನ ಅತ್ತೆ ಊಟ ಮಾಡಿ ಮಲಗಿದ್ದಾಗ ಮೆಲ್ಲಗೆ ದಾರ ಹಿಡಿದು ಅವರ ಪಾದದ ಉದ್ದಗಲ ಅಳೆದುಕೊಂಡೆ. ಹೆಬ್ಬೆರಳ ಬುಡಕ್ಕೆ ದಾರ ಸುತ್ತಿ ಎಳೆದರೂ ಅವರು ಕದಲಲಿಲ್ಲ. ನಿದ್ದೆಯೋ ಅಥವಾ ಗೊತ್ತಾಗಲೇ ಇಲ್ಲವೋ, ನನಗೆ ತಿಳಿಯಲಿಲ್ಲ.

ಯಾವ ಪ್ರಾಣಿ ಮಾಡಲಿ ಎಂದು ಕೇಳಿದ್ದೇ ಸರಿ, ಹೊಸ ಪಂಚಾಯಿತಿ ಶುರುವಾಯಿತು. ಆನೆ ಎಂದೆ. "ಗಣಪ್ಪನ್ನ ಕಾಲಿಗಾಕ್ಕಳಾದಾ?" ಎಂದರು. ಇಲಿ ಎಂದೆ, ಅದೂ ಗಣಪ್ಪನದೇ. ಹಸು ಎನ್ನುವಷ್ಟರಲ್ಲೇ ಕೆನ್ನೆ ಕೆನ್ನೆ ಬಡಿದುಕೊಂಡರು. ಹುಲಿ ಮಾದಪ್ಪನ ವಾಹನ, ಕೋತಿ ಆಂಜನೇಯ, ನವಿಲು ಸುಬ್ರಮಣ್ಯ, ನಾಯಿ ಬೈರವ. ಗೂಬೆ ಮನೆಯೊಳಗೆ ಬಂದರೆ ಮನೆಯನ್ನೇ ಬಿಡಬೇಕು.

"ಬೆಕ್ಕು?"

"ಒಂದ್ ಸಲ ಅಡ್ಡ ಬಂದ್ರೇ ಕೆಲ್ಸ ಕೆಡ್ತದೆ. ಕಾಲಿಗೇ ಕಟ್ಕಂಡು ತಿರುಗ್ಲಾ?"

"ಮೊಲ ಆದ್ರೂ ಆಗಬಹುದಲ್ಲ, ಆ ಮಗು ಹಾಕ್ಕೊಂಡಿತ್ತಲ್ಲ?"

"ಮಕ್ಳಿಗೆ ಎಲ್ಲಾ ಮಾಪಿ. ಚಂದಪ್ಪನ್ ಒಟ್ಟೇಲಿ ಕೂತಿರಾದು ಏನು ಮತ್ತೆ?"

ದೇವರುಗಳು ಒಂದು ಪ್ರಾಣಿಯನ್ನೂ ನನಗೆ ಅಂತ ಉಳಿಸಿರಲಿಲ್ಲ. ಕೋಪದಲ್ಲಿ ಉಲ್ಲನ್ ಉಂಡೆಯನ್ನು ಮಂಚದ ಮೇಲೆ ಎಸೆದೆ. ಅದು ಕಿತ್ತಳೆ ಬಣ್ಣದ್ದು, ಮಂಡ್ಯದ ಅಂಗಡಿಯಿಂದ ತಂದದ್ದು. ಅತ್ತೆ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ನರಿ ಮಾಡ್ತೀಯ?" ಎಂದು ಕೇಳಿದರು. ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಅವತ್ತೆಲ್ಲ ಒಳ್ಳೆಯದಾಗುತ್ತದೆ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಯಾರಿಗಾದರೂ ಅದೃಷ್ಟ ಖುಲಾಯಿಸಿದರೆ ಇವತ್ತು ನರಿ ಮುಖ ನೋಡಿ ಎದ್ದಿದ್ದಾನೆ ಅನ್ನುವುದುಂಟು. ಮಂಚದ ಪಕ್ಕ ಜೋಡು ನರಿ ಇದ್ದರೆ ದಿನಾ ಒಳ್ಳೆಯ ದಿನವೇ! ಹಾಸಿಗೆಯಿಂದ ಕಾಲು ಇಳಿಸುವಾಗಲೇ ನರಿಯೊಳಗೆ ಇಳಿಸುತ್ತಾರೆ. ಇದಕ್ಕಿಂತ ಬೇಕೇ ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು.

ಅಂಥ ಶ್ರದ್ಧೆಯಿಂದ ನಾನು ಯಾವ ಜೋಡನ್ನೂ ಹೆಣೆದಿರಲಿಲ್ಲ. ಒಳಗಡೆ ಒಂದು ಗಂಟೂ ಒಂದು ಹೊಲಿಗೆಯೂ ಒತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಎಲ್ಲ ಗಂಟುಗಳನ್ನೂ ಹೊರಮೈಗೆ ತಂದು ನರಿಯ ಕೂದಲಲ್ಲಿ ಅಡಗಿಸಿದೆ. ಚಪ್ಪಲಿಯ ಅಡಿಯ ಅಟ್ಟೆ ಕಣ್ಣಿಗೆ ಬಿದ್ದರೆ ಎಕ್ಕಡ ಅಂದಾರು ಎಂದು ರಬ್ಬರ್ ಅಟ್ಟೆಯನ್ನು ಎರಡು ಪದರ ಹೆಣಿಗೆಯ ನಡುವೆ ಮುಚ್ಚಿ ಹೊಲಿದೆ. ಟೈಲ್ಸಿನ ಮೇಲೆ ಜಾರದಂತೆ ಕೆಳಗೆ ರಬ್ಬರ್ ಅಂಟಿನ ಚುಕ್ಕೆಗಳನ್ನಿಟ್ಟು ಒಣಗಿಸಿದೆ. ಬಿಳಿ ಕೆನ್ನೆ, ಚೂಪು ಕಿವಿ, ಕಪ್ಪು ಮೂಗು. ಅತ್ತೆ ಅದರ ಮುಖ ನೋಡಿ ಬಾಯಿ ತುಂಬ ನಕ್ಕರು. ದೇವಸ್ಥಾನದ ಜಗಲಿಯಲ್ಲಿ ಸಿಕ್ಕವರಿಗೆಲ್ಲ, "ನಮ್ ಸೊಸೆ ನರಿ ಮಾಡ್ಕೊಟ್ಟವ್ಳೆ, ಎದ್ದೇಟಿಗೆ ನೋಡ್ತೀನಿ" ಎಂದು ಹೇಳಿಕೊಂಡು ಬಂದರು. ನಾನೂ ಬೀಗಿದೆ. ಬೆಳಿಗ್ಗೆ ನಾನು ಕಾಫಿ ತಗೊಂಡು ಹೋದರೆ ನರಿಗಳೊಳಗೆ ಕಾಲಿಟ್ಟು ಕೂತಿರುತ್ತಿದ್ದರು.

ಹೀಗೇ ಕೆಲವು ವಾರ ಹೋಯಿತು. ಒಂದು ಮಧ್ಯಾಹ್ನ ಅವುಗಳನ್ನು ಒಗೆಯಲೆಂದು ಕೈಗೆತ್ತಿಕೊಂಡೆ. ಕೆಳಗಿನ ಅಂಟಿನ ಚುಕ್ಕೆಗಳು ನಾನು ಇಟ್ಟಾಗ ಹೇಗಿದ್ದವೋ ಹಾಗೇ ಮಿಂಚುತ್ತಿದ್ದವು. ಒಂದು ಧೂಳಿನ ಕಣವಿಲ್ಲ, ಒಂದು ಎಳೆ ಸವೆದಿಲ್ಲ. ಮುಖ ತಿರುಗಿಸಿ ನೋಡಿದರೆ ಎರಡು ನರಿಗಳ ಹುಬ್ಬಿನ ನಡುವೆಯೂ ಕುಂಕುಮ.

ಇಷ್ಟು ದಿನ ಈ ಹೆಂಗಸು ಬರಿಗಾಲಲ್ಲೇ ಓಡಾಡಿದ್ದಾರೆ, ನಾನು ಕಾಫಿ ಲೋಟ ಹಿಡಿದು ಬರುವ ಸದ್ದು ಕೇಳಿ ಕಾಲು ತೂರಿಸಿ ಕೂತಿದ್ದಾರೆ! ನರಿಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಅವರ ಮುಂದೆ ಹಿಡಿದೆ.

"ಏನಿದು?"

ಅತ್ತೆ ಸೊಪ್ಪು ಸೋಸುತ್ತಿದ್ದವರು ತಲೆ ಎತ್ತಿದರು. ಸಿಕ್ಕಿಬಿದ್ದ ಮುಖವೇನೂ ಇರಲಿಲ್ಲ. "ಬೆಳಿಗ್ಗೆ ಎದ್ದು ಕೈ ಮುಗ್ದಿದ್ ಮುಖವ ಆಮೇಕೆ ತುಳಿಯಕ್ಕಾಯ್ತದೇನಮ್ಮಿ? ನೀನೇ ಏಳು" ಎಂದರು.

ಎಕ್ಕಡ ಅನ್ನಿಸಬಾರದು ಎಂದು ಮುಖ ಕೂರಿಸಿದವಳು ನಾನು, ಮುಖ ಬಂದ ಮೇಲೆ ಅದು ಕಾಲಿಗಲ್ಲ, ಕಣ್ಣಿಗೊತ್ತಿಕೊಳ್ಳುವ ವಸ್ತುವಾಗಿಬಿಟ್ಟಿತ್ತು. ನಗು ಬರಬೇಕಾದ ಜಾಗದಲ್ಲಿ ನನಗೆ ಅಳು ಬಂತು, ಅಳುವಿನ ಜಾಗದಲ್ಲಿ ಕೋಪ ಹೊರಗೆ ಬಂತು. "ನಾಳೆ ಕಾಲು ಕತ್ತರಿಸಿ ಮಂಚದ ಮೇಲೆ ಮಲಗಿಸ್ತಾರೆ, ಆಗ ಎದ್ದೇಟಿಗೆ ನನ್ನ ಮುಖ ನೋಡಿ" ಎಂದುಬಿಟ್ಟೆ. ಅತ್ತೆ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆಯೂ ನನ್ನ ಕೋಪ ಇಳಿದಿರಲಿಲ್ಲ. ನಮ್ಮವರು ರೈಲಿಗೆ ಹೋಗಿಯಾಗಿತ್ತು. ಹಿತ್ತಲಲ್ಲಿ ಸ್ನಾನದ ನೀರು ಕಾಯಿಸುವ ಹಂಡೆಯ ಒಲೆಯಿದೆ. ಮನೆಯಲ್ಲಿ ಗೀಸರ್ ಇದ್ದರೂ ಅತ್ತೆಗೆ ಆ ಒಲೆಯ ನೀರೇ ಆಗಬೇಕು. ತೆಂಗಿನ ಮಟ್ಟೆ, ಗರಿ ತುರುಕಿ ಅವರೇ ಉರಿ ಹಾಕುತ್ತಾರೆ. ಅವತ್ತೂ ಅದೇ ಮಾಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಹಿತ್ತಲಿಂದ ಅವರ ದನಿ ಬಂತು.

"ಅಮ್ಮೀ, ಏನೋ ಸೀದ್ ವಾಸ್ನೆ ಬತ್ತಾ ಅದೆ. ಆಲು ಉಕ್ಕೋಯ್ತಾ ನೋಡು."

ಹಾಲು ಕೆಳಗಿಳಿಸಿಟ್ಟಿದ್ದೆ. "ಏನೂ ಇಲ್ಲ" ಎಂದು ಗಡುಸಾಗಿ ಹೇಳಿದೆ.

"ರೊಟ್ಟಿ ಸೀದೋಯ್ತೇನೋ ಮತ್ತೆ."

ರೊಟ್ಟಿಯೂ ಸೀದಿರಲಿಲ್ಲ. ಅಷ್ಟರಲ್ಲಿ ವಾಸನೆ ನನಗೂ ಬಂತು. ಅದು ಹಾಲಿನದೂ ಅಲ್ಲ, ರೊಟ್ಟಿಯದೂ ಅಲ್ಲ, ಕೂದಲು ಸುಟ್ಟಂತಿತ್ತು. ಹಿತ್ತಲ ಬಾಗಿಲಿಗೆ ಬಂದೆ. ಅತ್ತೆ ಒಲೆಯ ಮುಂದೆ ನಿಂತು, ಮೂಗೇರಿಸಿ, ಅಡುಗೆಮನೆಯ ಕಡೆಗೇ ನೋಡುತ್ತಿದ್ದರು. ಒಲೆಯಿಂದ ಉರುಳಿದ್ದ ಕೆಂಡಗಳು ಬೂದಿಯಲ್ಲಿ ಹರಡಿದ್ದವು. ಅವರ ಬಲಗಾಲು ಅದರ ಮೇಲಿತ್ತು.

ನಾನು ಕಿರುಚಿದ್ದು ಎದುರು ಮನೆಗೆ ಕೇಳಿತಂತೆ. ಅವರನ್ನು ಹಿಂದಕ್ಕೆ ಎಳೆದೆ, ಇಬ್ಬರೂ ಬಿದ್ದೆವು. ಪಾದದ ಕೆಳಗೆ ಅಂಟಿದ್ದ ಕೆಂಡದ ಚೂರನ್ನು ನಾನು ಬರಿಗೈಯಲ್ಲೇ ಕಿತ್ತೆ, ನನ್ನ ಬೆರಳು ಚುರ್ರೆಂದಿತು. ಅತ್ತೆ ನೆಲದ ಮೇಲೆ ಕೂತು ನನ್ನ ಬೆರಳನ್ನೂ ತಮ್ಮ ಪಾದವನ್ನೂ ನೋಡಿದರು. "ಅಯ್ಯೋ, ನಿನ್ ಕೈ ಸುಡ್ತಲ್ಲಮ್ಮಿ" ಎಂದರು.

ನಲ್ಲಿ ನೀರು ಹಿಡಿದು, ತೊಳೆದ ಬಟ್ಟೆ ಸುತ್ತಿ, ಎದುರು ಮನೆಯವರ ಕಾರಿನಲ್ಲಿ ಮಂಡ್ಯಕ್ಕೆ ಹೊರಟೆವು. ಹನಕೆರೆ ದಾಟುವವರೆಗೂ ಅತ್ತೆ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಾ ಕೂತಿದ್ದರು. ನೋವೇ ಇಲ್ಲದವರನ್ನು ಸಮಾಧಾನ ಮಾಡುವುದು ಹೇಗೆ ಎಂದು ನನಗೆ ಗೊತ್ತಿರಲಿಲ್ಲ. ಅವರ ಕಾಲು ನನ್ನ ತೊಡೆಯ ಮೇಲಿತ್ತು. ಹಿರಿಯರ ಕಾಲು ಸೊಸೆಯ ತೊಡೆಯ ಮೇಲಿರುವುದು ಅವರಿಗೆ ಮುಜುಗರ, ಆಗಾಗ ಎಳೆದುಕೊಳ್ಳಲು ನೋಡುವರು. ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಡಾಕ್ಟರು ಗಾಯ ನೋಡಿ ಮುಖ ಸಣ್ಣದು ಮಾಡಿಕೊಂಡರು. ಆಮೇಲೆ ಒಂದು ನೈಲಾನ್ ಎಳೆ ತೆಗೆದರು. "ಅಜ್ಜಿ, ಕಣ್ಣು ಮುಚ್ಚಿಕೊಳ್ಳಿ. ಪಾದಕ್ಕೆ ಮುಟ್ಟಿಸ್ತೀನಿ, ಗೊತ್ತಾದಾಗ ಹೂಂ ಅನ್ನಿ" ಎಂದರು. ಎಳೆಯನ್ನು ಎಡಗಾಲಿನ ಹೆಬ್ಬೆರಳಿಗೆ ಬಾಗುವಷ್ಟು ಒತ್ತಿದರು. ಅತ್ತೆ "ಊಂ" ಎಂದರು. ನನಗೆ ಜೀವ ಬಂದಂತಾಯಿತು. ಹಿಮ್ಮಡಿಗೆ ಒತ್ತಿದರು, "ಊಂ." ಆಮೇಲೆ ಡಾಕ್ಟರು ಎಳೆಯನ್ನು ಮೇಲೆತ್ತಿ ಸುಮ್ಮನೆ ಕೂತರು. ಏನನ್ನೂ ಮುಟ್ಟಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅತ್ತೆ "ಊಂ" ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ "ಊಂ." ಡಾಕ್ಟರು ನನ್ನ ಕಡೆ ನೋಡಿದರು. ಅತ್ತೆ ಕಣ್ಣು ತೆಗೆದು, "ಎಲ್ಲಾ ಗೊತ್ತಾಯ್ತು ಕಣಪ್ಪ" ಎಂದು ಹೇಳಿದರು. ಅವರಿಗೂ ಭಯವಿದೆ ಎಂದು ನನಗೆ ಆಗ ಅರ್ಥವಾಯಿತು. ಅಷ್ಟು ವರ್ಷ ಜೊತೆಯಲ್ಲಿದ್ದು ಅವರು ಹೆದರಿದ್ದನ್ನು ನಾನು ನೋಡಿರಲೇ ಇಲ್ಲ.

ವಾರ್ಡಿಗೆ ಸೇರಿಸಿಕೊಂಡರು. ಹೆಬ್ಬೆರಳ ಬುಡದಲ್ಲಿ ಕೆಂಡ ತಗುಲಿದ ಜಾಗ ಕಪ್ಪಾಗಿತ್ತು, ಅದರ ಸುತ್ತ ಕೆಂಪು ಮೇಲೆ ಹರಡುತ್ತಿತ್ತು. ಡಾಕ್ಟರು ಬಂದು ಕೆಂಪು ಎಲ್ಲಿಗೆ ನಿಂತಿದೆಯೋ ಅಲ್ಲಿ, ಪಾದದ ಗಂಟಿನ ಕೆಳಗೆ, ಪೆನ್ನಲ್ಲಿ ಒಂದು ಗೆರೆ ಎಳೆದರು. "ಕೆಂಪು ಈ ಗೆರೆ ದಾಟಬಾರದು. ದಾಟಿ ಮೇಲೆ ಹೋದರೆ ಮಂಡಿಯ ಕೆಳಗೆ ತೆಗೆಯೋದು ಬಿಟ್ಟು ಬೇರೆ ದಾರಿ ಇರಲ್ಲಮ್ಮ" ಎಂದು ನನಗೆ ಹೊರಗೆ ಕರೆದು ಹೇಳಿದರು.

ಆ ಗೆರೆ ನನ್ನ ಪ್ರಾಣ ತಿಂದಿತು. ಸಿಸ್ಟರು ಔಷಧಿ ಏರಿಸಿ ಹೋದ ಕೂಡಲೇ ಹೊದಿಕೆ ಸರಿಸಿ ನೋಡುವುದು, ಅತ್ತೆಗೆ ಊಟ ಮಾಡಿಸುತ್ತಾ ನೋಡುವುದು, ಬಾಟಲಿಗೆ ನೀರು ತರಲು ಹೋದರೆ ಓಡಿ ಬಂದು ನೋಡುವುದು. ಒಂದು ಸಲ ಕೆಂಪು ಇಳಿದಂತೆ ಕಾಣುತ್ತಿತ್ತು, ಕಿಟಕಿಯ ಬೆಳಕು ಸರಿದರೆ ಏರಿದಂತೆ ಕಾಣುತ್ತಿತ್ತು. ಪಕ್ಕದ ಮಂಚದ ಮುದುಕಿಯ ಮಗಳು, ಮಳವಳ್ಳಿಯವಳು, "ಅಂಗೆ ನೋಡ್ಬ್ಯಾಡ ಕಣಕ್ಕ, ನೋಡ್ದಷ್ಟೂ ಎಚ್ಚಾಗಂಗೆ ಕಾಣ್ತದೆ" ಎಂದಳು. ಕೈಗೊಂದು ಕೆಲಸವಿರಲಿ ಎಂದು ಮನೆಯಿಂದ ಕಡ್ಡಿಯನ್ನೂ ಒಂದು ಕಂದು ಬಣ್ಣದ ಉಂಡೆಯನ್ನೂ ತರಿಸಿಕೊಂಡೆ. ಸುಟ್ಟ ಬೆರಳಿಗೆ ಪಟ್ಟಿ ಸುತ್ತಿತ್ತು, ಕಡ್ಡಿ ಸರಿಯಾಗಿ ಹಿಡಿಯಲಾಗುತ್ತಿರಲಿಲ್ಲ. ಏನು ಹೆಣೆಯುತ್ತಿದ್ದೇನೆ ಎಂದು ನನಗೂ ಗೊತ್ತಿರಲಿಲ್ಲ. ಆದರೂ ಬೆರಳಿಗೆ ಗೊತ್ತಿದ್ದದ್ದು ಒಂದೇ ಕೆಲಸ, ತುದಿಯ ಉಂಗುರ ಮಾಡಿ ಸುತ್ತು ಹಾಕಿತು. ಅತ್ತೆ ಮಲಗಿದ್ದಲ್ಲಿಂದಲೇ ನೋಡುತ್ತಿದ್ದರು.

"ಯಾರ್ ಕಾಲಿಗೆ?"

"ಗೊತ್ತಿಲ್ಲ" ಎಂದೆ. ಅವರದೇ ಅಳತೆ ಅದು. ಈ ಕಾಲೇ ಉಳಿಯದಿದ್ದರೆ ಎಂಬ ಯೋಚನೆ ಪ್ರತಿ ಕುಣಿಕೆಗೂ ಬರುತ್ತಿತ್ತು.

"ಮುಖ ಮಡಗ್ಬ್ಯಾಡ ಇದ್ಕೆ" ಎಂದರು ಅತ್ತೆ.

ನಾನು ತಲೆ ಎತ್ತಿದೆ.

"ಕಣ್ಣು ಕಿವಿ ಒಂದೂ ಬ್ಯಾಡ. ಎಕ್ಕಡನೇ ಮಾಡು. ತುಳಿಯಾ ಅಂತದ್ದು."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ದಾರ ಕಾಣದಷ್ಟು ಕಣ್ಣು ತುಂಬಿತು.

ಅವತ್ತು ಸಂಜೆ ಸಿಸ್ಟರು ಪಟ್ಟಿ ಬದಲಿಸುವಾಗ ನಾನೇ ಮೊದಲು ನೋಡಿದ್ದು. ಕೆಂಪು ಗೆರೆಯನ್ನು ದಾಟಿತ್ತು. ಒಂದು ಬೆರಳಿನಷ್ಟಲ್ಲ, ಅದಕ್ಕೂ ಕಮ್ಮಿ, ಆದರೆ ದಾಟಿತ್ತು. ಡಾಕ್ಟರು ಬಂದರು, ಮಗನನ್ನು ಕರೆಸಿ ಎಂದರು. ನಮ್ಮವರು ಮೈಸೂರಿನಿಂದ ಬರುವ ರೈಲಿನಲ್ಲಿ ಮದ್ದೂರಿಗೆ ಹೋಗದೆ ಮಂಡ್ಯದಲ್ಲೇ ಇಳಿದು ಬಂದರು. ಬೆಳಿಗ್ಗೆ ಥಿಯೇಟರಿಗೆ ತಗೊಂಡು ಹೋಗಿ ಗಾಯ ಬಿಚ್ಚಿ ನೋಡುತ್ತೇವೆ, ಕೀವು ಮೇಲುಮೇಲೆ ಇದ್ದರೆ ಕೆರೆದು ತೆಗೆಯುತ್ತೇವೆ, ಮೂಳೆಗೆ ಇಳಿದಿದ್ದರೆ ಅಲ್ಲೇ ಕಾಲು ತೆಗೆಯಬೇಕಾಗುತ್ತದೆ, ಒಳಗೆ ಹೋಗುವವರೆಗೆ ಏನೂ ಹೇಳಲಾಗುವುದಿಲ್ಲ ಎಂದರು. ನಮ್ಮವರು ಅಮ್ಮನ ಮುಂದೆ ಹೂಂ ಹೂಂ ಎಂದು ಗಟ್ಟಿಯಾಗಿ ನಿಂತಿದ್ದವರು, ಕಾರಿಡಾರಿಗೆ ಬಂದು ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟರು.

ಬೆಳಿಗ್ಗೆ ಸ್ಟ್ರೆಚರಿನ ಮೇಲೆ ಮಲಗಿಸಿದಾಗ ಅತ್ತೆ ನನ್ನನ್ನು ಹತ್ತಿರ ಕರೆದರು. ಕಾಲಿನ ಬಗ್ಗೆ ಏನೋ ಹೇಳುತ್ತಾರೆ ಎಂದುಕೊಂಡೆ. "ನೆನ್ಸಿದ್ ಅಕ್ಕಿ ಅಂಗೇ ಅದೇನೋ ಮನೇಲಿ, ಉಳಿ ಬಂದಿರ್ತದೆ. ಎಸೀಬ್ಯಾಡ, ಎದ್ರು ಮನೆ ಅಸುಗೆ ಆಕು" ಎಂದರು. ನಾನು ಹೂಂ ಎಂದೆ. ಬಾಗಿಲು ಮುಚ್ಚಿತು.

ಹೊರಗೆ ಕಬ್ಬಿಣದ ಬೆಂಚು. ನನ್ನ ಕೈಯಲ್ಲಿ ಕಂದು ಚಪ್ಪಲಿ, ಒಂದು ಮುಗಿದಿತ್ತು, ಇನ್ನೊಂದು ಅರ್ಧವಾಗಿತ್ತು. ಮುಗಿದದ್ದು ಎಡಗಾಲಿನದು. ಅರ್ಧವಾಗಿರುವುದು ಬಲಗಾಲಿನದು. ಹೆಣೆದರೆ ಕಾಲು ಉಳಿಯುತ್ತದೆ ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು, ಹೆಣೆದು ಮುಗಿಸಿ ಅದಕ್ಕೆ ಕಾಲೇ ಇಲ್ಲದಿದ್ದರೆ ಆ ಖಾಲಿ ಚಪ್ಪಲಿಯನ್ನು ಎಲ್ಲಿಡಲಿ ಎಂದು ಮರುಗಳಿಗೆ ಅನ್ನಿಸುತ್ತಿತ್ತು. ಹೆಣೆಯುವೆ, ಬಿಚ್ಚುವೆ. ನಮ್ಮವರು ಒಂದು ಸಲ, "ಏನಾದರೂ ಒಂದು ಮಾಡು ಮಾರಾಯ್ತಿ" ಎಂದು ರೇಗಿದರು. ನಾನು ಕಡ್ಡಿಯನ್ನು ಬ್ಯಾಗಿನೊಳಗೆ ಹಾಕಿಬಿಟ್ಟೆ.

ಬಾಗಿಲು ತೆರೆದು ಸ್ಟ್ರೆಚರ್ ಹೊರಗೆ ಬಂತು. ಅತ್ತೆಯ ಮುಖ ನೋಡಬೇಕಿತ್ತು, ನೋಡಲಿಲ್ಲ. ನನ್ನ ಕಣ್ಣು ಹಸಿರು ಹೊದಿಕೆಯ ಆ ತುದಿಗೆ ಹೋಯಿತು. ಅಲ್ಲಿ ಎರಡು ದಿಬ್ಬಗಳಿದ್ದವು. ಬಲಗಡೆಯದು ಪಟ್ಟಿ ಸುತ್ತಿ ದಪ್ಪವಾಗಿತ್ತು, ಆದರೆ ಇತ್ತು. ನಾನು ಗೋಡೆ ಹಿಡಿದು ಕೂತುಬಿಟ್ಟೆ. ಡಾಕ್ಟರು ಬಂದು, ಕೀವು ಪಾದದ ಮೂಳೆಗೆ ಇಳಿದಿರಲಿಲ್ಲ, ಹೆಬ್ಬೆರಳು ಮಾತ್ರ ಹೋಯಿತು, ಇದೇ ಕೊನೆ, ಇನ್ನು ಬರಿಗಾಲಿಟ್ಟರೆ ನನ್ನ ಹತ್ತಿರ ಕರಕೊಂಡು ಬರಬೇಡಿ ಎಂದರು. ಬೈದರೋ ಹರಸಿದರೋ ಗೊತ್ತಾಗಲಿಲ್ಲ, ನಾನು ಅವರಿಗೆ ಕೈ ಮುಗಿದೆ.

ಗಾಯ ಮಾಗಿ ನಡೆಯಬಹುದು ಎನ್ನಲು ಬಹಳ ದಿನ ಹಿಡಿಯಿತು. ಬಲಗಾಲಿನದನ್ನು ಪಟ್ಟಿಯ ಅಗಲಕ್ಕೆ ಮತ್ತೆ ಹೆಣೆದೆ. ಈ ಸಲ ಅಟ್ಟೆಯನ್ನು ಅಡಗಿಸಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವರ ಹತ್ತಿರ ಕೊಟ್ಟು, ದಪ್ಪ ರಬ್ಬರ್ ಅಟ್ಟೆಯನ್ನು ಎದ್ದು ಕಾಣುವಂತೆ ಹಾಕಿಸಿದೆ. ಕಣ್ಣಿಲ್ಲ, ಕಿವಿಯಿಲ್ಲ, ಯಾವ ದೇವರಿಗೂ ಬೇಡವಾದ ಕಂದು ಎಕ್ಕಡ. ಆಸ್ಪತ್ರೆಯಲ್ಲಿ ಅತ್ತೆ ಅದನ್ನು ಮರುಮಾತಿಲ್ಲದೆ ಹಾಕಿಕೊಂಡು ನಡೆದರು.

ಮದ್ದೂರಿಗೆ ಬಂದು ಆಟೋ ಇಳಿದು ಹೊಸಿಲ ಮುಂದೆ ಬಂದಾಗ ನಿಂತರು. ನಾನು ಒಳಗೆ ಹೋಗಿ, "ಬನ್ನಿ ಅತ್ತೆಮ್ಮ" ಎಂದೆ. ಬರಲಿಲ್ಲ. ಒಂದು ಕೈಯಲ್ಲಿ ಬಾಗಿಲು ಹಿಡಿದಿದ್ದರು. ಕಣ್ಣು ನಡುಮನೆ ದಾಟಿ ದೇವರ ಮನೆಯ ಬಾಗಿಲಲ್ಲಿತ್ತು. ಎಡಗೈ ಮೆಲ್ಲಗೆ ಚಪ್ಪಲಿಯ ಕಡೆಗೆ ಇಳಿಯಿತು, ಬಿಚ್ಚಲು. ನಮ್ಮವರು, "ಅವ್ವಾ, ಬ್ಯಾಡ" ಎಂದರು. ಅತ್ತೆಗೆ ಕೇಳಿಸಿತೋ ಇಲ್ಲವೋ. ಎದುರು ಮನೆಯವರು ಗೇಟಿಗೆ ಬಂದು ನಿಂತಿದ್ದರು. ಇಷ್ಟೆಲ್ಲ ಆಗಿ, ಈ ಒಂದಡಿ ಕಲ್ಲಿನ ಮುಂದೆ ಮತ್ತೆ ಮೊದಲಿಗೇ ಬಂದೆವಲ್ಲ ಎಂದು ನನಗೆ ಅನ್ನಿಸಿತು.

ಹೊರಗೆ ಬಂದು, ಬಿಟ್ಟಿದ್ದ ನನ್ನ ಬೀದಿ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡೆ, ಮಂಡ್ಯದ ಆಸ್ಪತ್ರೆಯ ಧೂಳೆಲ್ಲ ಅದರಲ್ಲಿತ್ತು. ಹೊಸಿಲು ದಾಟಿ, ನಡುಮನೆ ದಾಟಿ, ಚಟಚಟ ಸದ್ದು ಮಾಡುತ್ತಾ ದೇವರ ಮನೆಯ ಬಾಗಿಲವರೆಗೆ ನಡೆದೆ. ಪಾಪ ಬರುವುದಾದರೆ ಮೊದಲು ನನಗೆ ಬರಲಿ ಎಂದುಕೊಂಡೆ.

ಹಿಂದಿನಿಂದ ಸಿಡಿಲು ಬಡಿದಂತೆ ದನಿ ಬಂತು. "ಥೂ ಮುಂಡೇದೇ, ನಿನ್ ಕಾಲಿಗೇನು ಬಂದಿದ್ದದು ರೋಗ? ನೆಟ್ಟಗವಲ್ಲ ಎಲ್ಡೂ! ಬುಡು ಆಚೆಗೆ!"

ತಿರುಗಿದೆ. ಅತ್ತೆ ನಡುಮನೆಯ ಮಧ್ಯದಲ್ಲಿದ್ದರು. ನನ್ನನ್ನು ಅಟ್ಟಲು ಕೈ ಎತ್ತಿಕೊಂಡು, ಕುಂಟುತ್ತಾ, ಆ ಕಂದು ಎಕ್ಕಡದಲ್ಲೇ ಹೊಸಿಲು ದಾಟಿ ಬಂದುಬಿಟ್ಟಿದ್ದರು. ತಾವೆಲ್ಲಿದ್ದೇವೆ ಎಂದು ಅವರಿಗೂ ಆಗಲೇ ತಿಳಿದದ್ದು. ಎತ್ತಿದ ಕೈ ಹಾಗೇ ನಿಂತಿತು. ಒಮ್ಮೆ ಕಾಲು ನೋಡಿಕೊಂಡರು, ಒಮ್ಮೆ ದೇವರ ಕಡೆ ನೋಡಿದರು. ಹಿಂದಕ್ಕೆ ಹೋಗುತ್ತಾರೇನೋ ಎಂದುಕೊಂಡೆ.

"ಅದ ಆಚೆ ಬುಟ್ಟು, ಕಾಲ್ ತೊಳ್ಕಂಡು ಬಾ" ಎಂದರು, ಈಗ ದನಿ ತಗ್ಗಿತ್ತು. "ದೀಪ ನೀನೇ ಅಚ್ಚು. ನಾ ಇಲ್ಲೇ ನಿಂತ್ಕತೀನಿ."

ನಾನು ಈ ಮನೆಗೆ ಬಂದಾಗಿನಿಂದ ಆ ದೀಪವನ್ನು ಅವರು ಬೇರೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ. ಚಪ್ಪಲಿ ಹೊರಗಿಟ್ಟು, ಕಾಲು ತೊಳೆದು ಬಂದೆ. ಮೊದಲ ಬೆಂಕಿಕಡ್ಡಿ ಆರಿಹೋಯಿತು, ಎರಡನೆಯದೂ ಆರಿತು. "ಗಾಳಿಗೆ ಅಡ್ಡಲಾಗಿ ಇಡ್ಕಳಮ್ಮಿ, ಅಷ್ಟೂ ಗೊತ್ತಾಗಾಕಿಲ್ವಾ" ಎಂದು ಹಿಂದಿನಿಂದ ಗದರಿದರು. ಬತ್ತಿ ಹತ್ತಿಕೊಂಡಿತು. ತಿರುಗಿ ನೋಡಿದೆ. ನಡುಮನೆಯಲ್ಲಿ ಅತ್ತೆ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದರು, ಎರಡು ಕಾಲಿನ ಮೇಲೆ.